ಒಲೆಗೆ ಹೋಗಬೇಕಿದ್ದ ಮರವಳ್ಳಿ ಕಡ್ಡಿ

"ಮುರೀಬ್ಯಾಡಮ್ಮಾ, ಬುಡು! ಅದು ಸೌದೆ ಅಲ್ಲ, ನೆಡೋ ಕುಚ್ಚಿ!"

ಪಾಲಕೋಡ್ ಬಳಿಯ ಹಳ್ಳಿಯಲ್ಲಿ ದೊಡ್ಡಮ್ಮ ಕೂಗುತ್ತಾ ಓಡಿಬಂದಾಗ ನನ್ನ ಕೈಯಲ್ಲಿ ಮರವಳ್ಳಿ, ಅಂದರೆ ಮರಗೆಣಸಿನ, ಕಡ್ಡಿಯೊಂದು ಎರಡು ತುಂಡಾಗಿತ್ತು. ಬೇವಿನ ಮರಕ್ಕೆ ಒರಗಿಸಿದ್ದ ಒಣಕಲು ಕಂತೆಯನ್ನು ಕಂಡು, ನೀರೊಲೆಗೆ ಇಟ್ಟಿದ್ದಾರೆ ಎಂದುಕೊಂಡಿದ್ದೆ. ಮುರಿದ ಕಡೆ ಬಿಳಿ ಹಾಲು ಜಿನುಗುತ್ತಿತ್ತು.

"ಗೆಡ್ಡೆ ಕಿತ್ಮೇಲೆ ಹದಿನೈದು ದಿವ್ಸ ನೆಳ್ಳಾಗೆ ಸುಮ್ಕೆ ನಿಲ್ಸಿರ್ತೀವಿ. ನೋಡು, ಕಣ್ಣು ಬುಟ್ಟೈತೆ," ಎಂದು ದೊಡ್ಡಮ್ಮ ಗಿಣ್ಣಿನಲ್ಲಿದ್ದ ಅಕ್ಕಿಕಾಳಿನಷ್ಟು ಮೊಳಕೆಯನ್ನು ತೋರಿಸಿದಳು.

ನಾನು ಸೇಲಂನಲ್ಲಿ ಇಂಗ್ಲಿಷ್ ಟೀಚರ್. ಹಿಂದಿನ ದಿನ, ಶುಕ್ರವಾರವಷ್ಟೇ, ‘ವೆಜಿಟೇಟ್’ ಎಂದರೆ ‘ಗಿಡದಂತೆ ಬೆಳೆಯುವುದು’ ಎಂದು ಬರೆದಿದ್ದ ಹುಡುಗಿಯ ಉತ್ತರಕ್ಕೆ ಕೆಂಪು ಗೀಟು ಎಳೆದು, ‘ಕೆಲಸವಿಲ್ಲದೆ ಸುಮ್ಮನೆ ಬಿದ್ದಿರುವುದು’ ಎಂದು ತಿದ್ದಿದ್ದೆ. ಬೇವಿನ ನೆರಳಲ್ಲೇ ನಿಂತು ಫೋನಿನಲ್ಲಿ ನಿಘಂಟು ತೆರೆದೆ. ಎರಡೂ ಅರ್ಥಗಳು ಒಂದರ ಕೆಳಗೊಂದು ಇದ್ದವು.

ಸೋಮವಾರ ಆ ಹುಡುಗಿಯ ನೋಟ್‌ಬುಕ್ ಕೇಳಿ ಪಡೆದು, ಉತ್ತರ ಸರಿ ಎಂದು ಬರೆದು ಸಹಿ ಹಾಕಿದೆ. ಮುರಿದ ಎರಡು ತುಂಡುಗಳನ್ನೂ ದೊಡ್ಡಮ್ಮ ನೆಟ್ಟಿದ್ದಾಳೆ. ಚಿಗುರಿದವೇ ಎಂದು ನಾನು ದಿನಾ ಫೋನ್ ಮಾಡಿ ಕೇಳುತ್ತಿದ್ದೇನೆ. "ಸುಮ್ಕಿರು, ಅವೂ ಸುಮ್ಕವೆ," ಎನ್ನುತ್ತಾಳೆ.