ಹೀಲಿಯಂ ಮುಗಿದ ಮೇಲೂ ಬಂದ ಸಿಗ್ನಲ್

ಸಿಡ್ನಿಯಲ್ಲಿ ನಾನಿದ್ದ ಗಿರಾವೀನ್ ಬಡಾವಣೆಯ ಆಂಟಿಯರು "ನಿಮ್ದು ಏನು ರಿಸರ್ಚು?" ಎಂದು ಕೇಳಿದರೆ, "ಕಂಪ್ಯೂಟರ್ ಚಿಪ್ಪಿಗೆ ಕರೆಂಟ್ ಕೊಡೋದು" ಎನ್ನುತ್ತಿದ್ದೆ. ಅಷ್ಟೇನಾ ಎಂಬಂತೆ ನೋಡುತ್ತಿದ್ದರು. ಅಷ್ಟೇ. ಆದರೆ ಆ ಚಿಪ್ಪು ದ್ರವ ಹೀಲಿಯಂನಲ್ಲಿ ಮುಳುಗಿ, ತಣ್ಣಗಾಗಿ, ಕರೆಂಟನ್ನು ತಡೆಯಿಲ್ಲದೆ ಹರಿಸುವ ಸೂಪರ್‌ಕಂಡಕ್ಟರ್ ಆದಾಗ ಮಾತ್ರ ಕೆಲಸ ಮಾಡುತ್ತಿತ್ತು. ಅದಕ್ಕೆ ಬೇಕಾದದ್ದು ಸೆಕೆಂಡಿಗೆ ನೂರಾರು ಕೋಟಿ ಸಲ ಹೊಯ್ದಾಡುವ ಕರೆಂಟು. ಅಷ್ಟು ವೇಗದ್ದು ತಂತಿಯ ಕೊನೆ ಮುಟ್ಟಿ ವಾಪಸು ಬರುತ್ತದೆ, ಎದುರು ಬರುವುದರೊಂದಿಗೆ ಗುದ್ದಾಡುತ್ತದೆ. ಚಿಪ್ಪಿನೊಳಗೆ ಲೆಕ್ಕ ಮಾಡುವ ಪುಟ್ಟ ಗೇಟುಗಳಲ್ಲಿ ಒಂದಕ್ಕೆ ವಿಪರೀತ, ಪಕ್ಕದ್ದಕ್ಕೆ ಏನೂ ಇಲ್ಲ. ಎಲ್ಲ ಗೇಟಿಗೂ ಸಮನಾಗಿ ಹಂಚುವ ಜೋಡಣೆಯೊಂದನ್ನು ಸಿಡ್ನಿಯ ಲ್ಯಾಬಿನಲ್ಲಿ ಮೂರು ವರ್ಷ ಕೂತು ಮಾಡಿದ್ದೆ. ಕೊನೆಯ ಗೇಟಿನಿಂದಲೂ ಸಿಗ್ನಲ್ ಬಂತು. ಪೇಪರ್ ಬರೆದೆ, ಬೀಗಿದೆ.

ಮೆಲ್ಬರ್ನಿನ ಲ್ಯಾಬೊಂದರಲ್ಲಿ ಉಡುಪಿ ಕಡೆಯವರೊಬ್ಬರಿದ್ದರು, ನನ್ನದೇ ವಯಸ್ಸು. ನನ್ನ ಪೇಪರನ್ನೇ ನಂಬಿ ತಮ್ಮ ಚಿಪ್ ಮಾಡಿಸಿದ್ದರು. ಅದು ನಡೆದರಷ್ಟೇ ಅವರ ಕಾಂಟ್ರಾಕ್ಟ್ ಮುಂದುವರಿಯುತ್ತಿತ್ತು.

"ನನಗೆ ಕೊನೆಯ ಗೇಟಲ್ಲಿ ಎಂತದೂ ಬರುದಿಲ್ಲ ಮಾರಾಯ್ರೆ" ಎಂದು ಫೋನ್ ಮಾಡುತ್ತಿದ್ದರು.

"ಕನೆಕ್ಷನ್ ಸರಿ ನೋಡ್ರಿ. ನಮಗ ಬರ್ತದಲ್ಲ" ಎನ್ನುತ್ತಿದ್ದೆ, ನನ್ನ ಧಾರವಾಡದ ಗತ್ತಿನಲ್ಲಿ. ದನಿಯಲ್ಲಿ ಕೊಬ್ಬೇ ಇತ್ತು. ಆಮೇಲೆ ಅವರ ಫೋನು ನಿಂತಿತು. ಸರಿಹೋಗಿರಬೇಕು ಎಂದುಕೊಂಡೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದಾಗ ಹೀಲಿಯಂ ಖಾಲಿಯಾಗಿತ್ತು. ಚಿಪ್ಪು ಬೆಚ್ಚಗಾಗಿ ಬರೀ ಲೋಹದ ಚೂರಾಗಿತ್ತು. ಪರದೆಯ ಮೇಲೆ ಸಿಗ್ನಲ್ ಮಾತ್ರ ಹಾಗೇ ಓಡುತ್ತಿತ್ತು. ಅದು ಕೊನೆಯ ಗೇಟಿನಿಂದ ಬಂದದ್ದಲ್ಲ, ಎಂದೂ ಬಂದಿರಲಿಲ್ಲ. ನಾನು ಕೊಟ್ಟ ಕರೆಂಟೇ ಪಕ್ಕದಲ್ಲಿದ್ದ, ಸಿಗ್ನಲ್ ಹೊರತರುವ ತಂತಿಗೆ ಸೋರಿ ನನಗೇ ಮರಳುತ್ತಿತ್ತು. ಚಿಪ್ಪನ್ನು ಬೆಚ್ಚಗೆ ಮಾಡಿ ಒಮ್ಮೆ ನೋಡುವ ಬುದ್ಧಿ ಮೂರು ವರ್ಷದಲ್ಲಿ ಬರಲಿಲ್ಲ. ಬೇಕಾದದ್ದು ಕಣ್ಣೆದುರಿಗಿದ್ದಾಗ ಅನುಮಾನ ಪಡಲು ಮನಸ್ಸು ಎಲ್ಲಿ ಬರುತ್ತದೆ? ನಾಚಿಕೆಗಿಂತ ಮೊದಲು ಭಯವಾಯಿತು. ಮೆಲ್ಬರ್ನಿನವರು ನೆನಪಾದರು.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಮೆಲ್ಬರ್ನಿಗೇ ಹೋದೆ. ಅವರು ಲ್ಯಾಬ್ ಬಿಟ್ಟು ನಾಲ್ಕು ತಿಂಗಳಾಗಿತ್ತು. ಈಗ ಅದೇ ಊರಿನ ಡಾಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಬ್ಯಾಂಕೊಂದರ ಐಟಿ ಕೆಲಸ. ಟ್ರ್ಯಾಮ್ ಸ್ಟಾಪಿನ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕುತ್ತಿಗೆಯ ಐಡಿ ಕಾರ್ಡನ್ನು ಮಗುಚಿ ಹಾಕುತ್ತ ಕೇಳಿಸಿಕೊಂಡರು. ಬೈಯಲಿ ಎಂದು ಕಾದೆ.

"ಸೋರಬಾರದು ಅಂತ ನಾನು ಎರಡೂ ತಂತಿಯ ಮಧ್ಯೆ ತಡೆ ಹಾಕಿದ್ದೆ" ಎಂದರು. "ಹಾಗಾದ್ರೆ ನನ್ನ ಅಳತೆ ಸರಿಯೇ ಇತ್ತಾ?"

"ಹೌದ್ರಿ. ನಿಮ್ದೇ ಸರಿ ಇತ್ತು."

"ನಿಮಗೆ ಬರ್ತಿತ್ತಲ್ಲ. ಹಾಗಾಗಿ ತಪ್ಪು ನಂದೇ ಅಂತ ಗ್ರಹಿಸಿದೆ. ಈ ಕೆಲಸ ನನ್ನ ಕೈಯಲ್ಲಿ ಆಗುದಿಲ್ಲ ಅಂತ ಬಿಟ್ಟೆ."

ಟ್ರ್ಯಾಮ್ ಬಂತು. ಮೀಟಿಂಗ್ ಇದೆ ಎಂದು ಹತ್ತಿಕೊಂಡರು.

ತಪ್ಪಾಗಿದೆ ಎಂದು ತಿಳಿಸಿ ನನ್ನ ಪೇಪರನ್ನು ಆ ವಾರವೇ ಹಿಂದಕ್ಕೆ ತೆಗೆದುಕೊಂಡೆ. ಅವರು ಮತ್ತೆ ಲ್ಯಾಬಿಗೆ ಹೋಗಲಿಲ್ಲ.