ಹುಸೇನಪ್ಪ ಮತ್ತು ತಾನಾಗಿ ಆರುವ ಬೋರ್ಡು

ಹುಸೇನಪ್ಪ ಯಾವ ಯಂತ್ರವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ, ಕೈಯಿಂದ ನೋಡುತ್ತಿದ್ದರು. ಅದೂ ಅಂಗೈಯಿಂದಲ್ಲ. ಬಲಗೈ ಬೆರಳು ಹೊರಳಿಸಿ, ಹಿಂಬದಿಯನ್ನು ಅದರ ಮೈಗೆ ತಾಗಿಸಿ, ಕೂಸಿನ ಜ್ವರ ನೋಡುವ ತಾಯಿಯ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅಂಗೈಯಿಂದ ಮುಟ್ಟಿದರೆ ಕರೆಂಟು ಕೈ ಹಿಡಿದುಕೊಳ್ಳುತ್ತದೆ, ಹಿಂಬದಿ ತಾಗಿಸಿದರೆ ದೂಡಿಬಿಡುತ್ತದೆ ಎಂದು ಹೇಳಿದವರೂ ಅವರೇ. ನಮ್ಮ ಮನೆಗೆ ಬಂದ ಮೊದಲ ದಿನ ಆಫ್ ಮಾಡಿಟ್ಟಿದ್ದ ಪ್ರಿಂಟರನ್ನು ಹಾಗೆ ಮುಟ್ಟಿ, “ಅಕ್ಕಾರ, ಇದು ಮಲಗಿಲ್ಲರಿ, ಮಲಗಿದಂಗ ನಾಟಕ ಮಾಡಾಕತ್ತೈತಿ” ಅಂದರು. ನಾನೂ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಅವರ ಊರು ನವಲಿ. ಗಂಗಾವತಿಯ ಅಕ್ಕಿ ಮಿಲ್ಲುಗಳಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಕೆಲಸ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಕಂಪ್ಯೂಟರುಗಳು ಬಂದಾಗ ಅವನ್ನೂ ಬಿಚ್ಚಿ ಕಲಿತು, ರಿಪೇರಿ ಅಂಗಡಿ ಇಟ್ಟರು. ನಮ್ಮ ಮನೆಯವರು ಮ್ಯಾನೇಜರಾಗಿರುವ ಮಿಲ್ಲಿನ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಅವರೇ. ಮಿಲ್ಲಿನ ಹಿಂದೆಯೇ ನಮ್ಮ ಮನೆ, ಹಾಗಾಗಿ ಇಲ್ಲಿಗೂ ಬರತೊಡಗಿದರು.

ಮೊದಲ ದಿನವೇ ನಮ್ಮ ಅತ್ತೆಗೂ ಅವರಿಗೂ ಜಗಳ. ದೇವರ ಜಗಲಿ ಇರುವ ಪಡಸಾಲೆಗೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರು. ಅತ್ತೆ ಮಂಚದ ಮೇಲಿಂದಲೇ ತಡೆದರು. “ಅವ್ವಾರ, ಇವು ಚಪ್ಪಲಿ ಅಲ್ಲರಿ, ನನ್ನ ಪಾಲಿಸಿ. ಇವನ್ನ ಬಿಟ್ಟು ಬೋರ್ಡ್ ಬಿಚ್ಚಿದ್ರ ನಮ್ಮ ಮನ್ಯಾಕಿ ವಿಮಾ ಕಂಪನಿಗೆ ಅಡ್ಡಾಡಬೇಕಾಕ್ಕೈತಿ” ಅಂದರು. ಅತ್ತೆ ನಗಲಿಲ್ಲ. ಮುಂದಿನ ಸಲ ಬಂದಾಗ ಬ್ಯಾಗಿನಿಂದ ಹೊಸ ಬಿಳಿ ರಬ್ಬರ್ ಚಪ್ಪಲಿ ತೆಗೆದು, ನೆಲಕ್ಕೆ ತಾಗಿಸದೆ ಅತ್ತೆಗೆ ಅದರ ಅಡಿ ತೋರಿಸಿ, ಹೊಸ್ತಿಲೊಳಗೆ ಹಾಕಿಕೊಂಡರು. ಅವತ್ತು ಅತ್ತೆ ನಕ್ಕರು. ನಕ್ಕು ಕೆಮ್ಮಿದರು.

ಅತ್ತೆಯ ಕೆಮ್ಮಿನ ಮಾತು ಹೇಳಲೇಬೇಕು. ಭತ್ತದ ಹೊಟ್ಟಿನ ಒಲೆ ಊದಿ ಊದಿ ಅವರ ಎದೆ ಹಾಳಾಗಿತ್ತು. ಡಾಕ್ಟರು ಮೂಗಿಗೆ ನಳಿಕೆ ಹಾಕಿ ಗಾಳಿ ಕೊಡುವ ಯಂತ್ರ ಬರೆದುಕೊಟ್ಟಿದ್ದರು. ಹೆಚ್ಚೂ ಕಡಿಮೆ ದಿನವಿಡೀ ಅದು ಓಡಬೇಕು. ಕರೆಂಟು ತಪ್ಪಿದರೆ ಒಂದಿಷ್ಟು ಹೊತ್ತು ಪೀಂ ಪೀಂ ಎಂದು ಕೂಗಿ ನಿಲ್ಲುತ್ತದೆ. ಕರೆಂಟು ಹೋದರೆ ಇನ್ವರ್ಟರ್ ಇತ್ತು, ದೇವರು ದೊಡ್ಡವನು. ಆದರೆ ಆ ಯಂತ್ರ ಬಂದ ಮೇಲೆ ಬಿಲ್ಲು ಏರಿತು. ಅದನ್ನಂತೂ ನಿಲ್ಲಿಸುವ ಹಾಗಿಲ್ಲ. ಉಳಿದದ್ದರಲ್ಲಿ ಎಲ್ಲಿ ಉಳಿಸಬಹುದು ಎಂದು ನೋಡುವಾಗ ನಮ್ಮ ಮಗಳು ಶಿಲ್ಪಾಳ ಕಂಪ್ಯೂಟರೇ ನನ್ನ ಕಣ್ಣಿಗೆ ಬಿತ್ತು. ಅವಳು ಡಿಗ್ರಿ ಓದುತ್ತಾ ಮನೆಯಲ್ಲೇ ಟೈಪಿಂಗ್ ಕೆಲಸವನ್ನೂ ಮಾಡುತ್ತಿದ್ದಳು.

ಒಂದು ದಿನ ಬಾಗಿಲಿಗೆ ಬಂದವನೊಬ್ಬನಿಂದ ನಾನು ಒಂದು ಬಿಳಿ ಡಬ್ಬಿ ಕೊಂಡೆ. ಗೋಡೆಗೆ ಚುಚ್ಚಿದರೆ ಸಾಕು, ಕಂಪ್ಯೂಟರು, ಫ್ರಿಜ್ಜು ಎಲ್ಲವೂ ಅರ್ಧ ಕರೆಂಟು ತಿನ್ನುತ್ತವೆ ಅಂದಿದ್ದ. ಚುಚ್ಚಿದೆ. ಹಸಿರು ದೀಪ ಹತ್ತಿತು. ಜಗಲಿಯ ದೀಪದ ಜೊತೆಗೆ ಅದಕ್ಕೂ ಒಮ್ಮೆ ಕೈ ಮುಗಿದೆ ಎಂದರೆ ನೀವು ನಗಬಹುದು.

ಹುಸೇನಪ್ಪ ನಗಲಿಲ್ಲ. ಡಬ್ಬಿ ಬಿಚ್ಚಿ ನನ್ನ ಮುಂದಿಟ್ಟರು. ಒಳಗೆ ಒಂದು ಕೆಪಾಸಿಟರು, ಒಂದು ದೀಪ, ಅಷ್ಟೇ. ಮಿಲ್ಲಿನ ದೊಡ್ಡ ಮೋಟರುಗಳಿಗೆ ಇಂಥದ್ದು ಔಷಧಿ ಇದ್ದ ಹಾಗೆ, ಮನೆಯ ಮೀಟರಿಗೆ ಇದರ ಗೊಡವೆಯೇ ಇಲ್ಲ ಎಂದು ತಿಳಿಸಿ ಹೇಳಿದರು. ನನ್ನ ಮುಖ ನೋಡಿ, ಬಾಯಿಮಾತು ಸಾಲದೆಂದು ಮೀಟರಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲೊಂದು ಕೆಂಪು ಚುಕ್ಕೆ ಮಿನುಗುತ್ತದಲ್ಲ, ಕರೆಂಟು ಎಷ್ಟು ಹೋದರೆ ಅಷ್ಟು ಬೇಗ ಮಿನುಗುತ್ತದಂತೆ. ಡಬ್ಬಿ ಹಾಕಿ ಎಣಿಸಿದೆವು, ತೆಗೆದು ಎಣಿಸಿದೆವು. ಒಂದೇ ಲೆಕ್ಕ.

“ಈ ದೀಪಕ್ಕ ನೀವ ಕರೆಂಟ್ ಕೊಡಾಕತ್ತೀರಿ ಅಕ್ಕಾರ. ಅದು ನಿಮಗೇನೂ ಕೊಡಾಕತ್ತಿಲ್ಲ” ಅಂದರು.

ಹಾಗಾದರೆ ಕಂಪ್ಯೂಟರಿಗೆ ಏನು ಮಾಡಬೇಕು ಎಂದು ಕೇಳಿದೆ. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚು ಆರಿಸಿರಿ, ಪರದೆಯ ಬೆಳಕು ಇಳಿಸಿರಿ, ಮುಗಿಯಿತು ಅಂದರು. ಆರಿಸದಿದ್ದರೂ ಅವೆಲ್ಲ ಸೇರಿ ದಿನಕ್ಕೆ ಕದಿಯುವುದು, ನೀವು ನೀರು ಕಾಸುವ ರಾಡು ಹತ್ತು ನಿಮಿಷ ಹೆಚ್ಚು ಇಟ್ಟರೆ ಹೋಗುವಷ್ಟೇ ಅಂದರು. ಅಂಗಡಿ ಇಟ್ಟ ಮನುಷ್ಯ ಹೀಗೆ ಹೇಳುವುದನ್ನು ನಾನು ಅದೇ ಮೊದಲು ಕೇಳಿದ್ದು.

ಅವರ ಮಾತಿಗೆ ನಾನು ಒಪ್ಪಿದೆ, ಶಿಲ್ಪಾ ಒಪ್ಪಲಿಲ್ಲ. ಅವಳು ಆನ್‌ಲೈನಿನಲ್ಲಿ ಒಂದು ಉದ್ದನೆಯ ಬೋರ್ಡು ತರಿಸಿದಳು. ಕಂಪ್ಯೂಟರು ಆರಿಸಿದರೆ ಅದಕ್ಕೆ ಚುಚ್ಚಿದ ಪ್ರಿಂಟರು, ಸ್ಪೀಕರು, ಪರದೆ ಎಲ್ಲವೂ ತಾವಾಗಿ ಆರುತ್ತವೆ. ಕಂಪ್ಯೂಟರು ಹಚ್ಚಿದರೆ ಎಲ್ಲವೂ ಏಳುತ್ತವೆ. ಹುಸೇನಪ್ಪ ಅದನ್ನೂ ಪರೀಕ್ಷೆ ಮಾಡಿದರು. ಇದು ಸುಳ್ಳಲ್ಲ, ಕೆಲಸ ಮಾಡುತ್ತದೆ ಎಂದು ಒಪ್ಪಿಕೊಂಡರು. ಆದರೂ ಕೂಡಿಸಲು ಮನಸ್ಸಿಲ್ಲ.

“ಬ್ಯಾಡ್ರಿ. ತಾನಾಗಿ ಆರಿಸೋ ವಸ್ತುವಿಗೆ, ತಾ ಏನು ಆರಿಸಾಕತ್ತೇನಿ ಅಂತ ಗೊತ್ತಿರಂಗಿಲ್ಲ” ಅಂದರು.

“ನಿಮ್ಮ ಕಾಲದಾಗ ಎಲ್ಲಾನೂ ಬ್ಯಾಡ ಬಿಡ್ರಿ ಕಾಕಾ” ಎಂದು ಶಿಲ್ಪಾ ಮಾತಿನಲ್ಲೇ ಚುಚ್ಚಿದಳು.

ಅವರು ಬೋರ್ಡು ಕೂಡಿಸಿಕೊಟ್ಟರು. ಮೇಜಿನ ಹಿಂದೆ, ಗೋಡೆಗೆ ಸ್ಕ್ರೂ ಹಾಕಿ. ಹೋಗುವಾಗ ನನ್ನನ್ನೂ ಅವಳನ್ನೂ ನಿಲ್ಲಿಸಿ, ಕಂಪ್ಯೂಟರಿನ ಸಾಮಾನು ಬಿಟ್ಟು ಇದಕ್ಕೆ ಬೇರೆ ಏನನ್ನೂ ಚುಚ್ಚಬಾರದು ಎಂದು ಎರಡು ಸಲ ಹೇಳಿದರು. ಎರಡು ಸಲ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಈ ಬರಹದಲ್ಲಿ ನಾನು ಬಚ್ಚಿಡಬಾರದ ಮಾತು ಅದೇ.

ಎರಡು ತಿಂಗಳು ಕಳೆದವು. ಅಮಾವಾಸ್ಯೆಯ ದಿನ ಬೆಳಿಗ್ಗೆ ಮನೆ ಸಾರಿಸುವಾಗ ಅತ್ತೆ ಒಂದು ಆಸೆ ಹೇಳಿದರು. ಮಂಚದ ಮೇಲೆ ಮಲಗಿದರೆ ಕಾಲು ಜಗಲಿಯ ಕಡೆಗೆ ಬರುತ್ತದೆ, ದೇವರಿಗೆ ಕಾಲು ಮಾಡಿ ಎಷ್ಟು ದಿನ ಮಲಗಲಿ, ತಿರುಗಿಸು ಅಂದರು. ನನಗೂ ಅದು ಮನಸ್ಸಿಗೆ ಚುಚ್ಚುತ್ತಲೇ ಇತ್ತು. ನಾನೂ ಶಿಲ್ಪಾಳೂ ಸೇರಿ ಮಂಚ ತಿರುಗಿಸಿದೆವು. ಅವಳು ಅದೇ ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಟೈಪು ಮಾಡಲು ಕೂತಳು. ಈಗ ಗಾಳಿ ಯಂತ್ರದ ವಯರು ಗೋಡೆಯ ಪ್ಲಗ್ಗಿಗೆ ಮುಟ್ಟಲಿಲ್ಲ. ಕಂಪ್ಯೂಟರಿನ ಮೇಜಿನ ಹಿಂದೆ ಕೈ ಹಾಕಿದೆ. ಅಲ್ಲೊಂದು ತೂತು ಖಾಲಿ ಇತ್ತು. ಸ್ನಾನದ ಹೊತ್ತು ಮೀರಿತ್ತು, ನೈವೇದ್ಯ ಆಗಿರಲಿಲ್ಲ. ಚುಚ್ಚಿದೆ. ಯಂತ್ರ ಓಡಿತು. ಅತ್ತೆ ಜಗಲಿ ನೋಡಿ ಕೈ ಮುಗಿದರು.

ಹನ್ನೊಂದರ ಸುಮಾರಿಗೆ ಶಿಲ್ಪಾ ಕಂಪ್ಯೂಟರು ಆರಿಸಿ, ಅದು ಪೂರ್ತಿ ಆರುವ ಮೊದಲೇ, ಅಜ್ಜಿ ಮಲಗಿದ್ದಾಳೆಂದು ಸದ್ದಿಲ್ಲದೆ ಕಾಲೇಜಿಗೆ ಹೋದಳು. ನಾನು ಒಳಗೆ ಹೋಳಿಗೆ ಲಟ್ಟಿಸುತ್ತಿದ್ದೆ. ಪೀಂ ಪೀಂ ಎಂದು ಸದ್ದು ಕೇಳಿಸಿತು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಮಿಲ್ಲಿನ ಅಂಗಳದಲ್ಲಿ ಭತ್ತದ ಲಾರಿಗಳು ಹಿಂದಕ್ಕೆ ಬರುವಾಗ ದಿನವೆಲ್ಲ ಅದೇ ಸದ್ದು. ಲಾರಿ ಎಂದುಕೊಂಡು ಇನ್ನೊಂದು ಹೋಳಿಗೆ ತವೆಗೆ ಹಾಕಿದೆ.

ನೈವೇದ್ಯದ ತಾಟು ಹಿಡಿದು ಹೊರಗೆ ಬಂದಾಗ ಅತ್ತೆಯ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ಕಣ್ಣು ತೆರೆದಿದ್ದವು. ಒಂದು ಕೈ ಹಾಸಿಗೆಯನ್ನು ಕೆರೆಯುತ್ತಿತ್ತು. ಯಂತ್ರದ ದೀಪ ಆರಿತ್ತು. ತಲೆ ಎತ್ತಿದರೆ ಫ್ಯಾನು ತಿರುಗುತ್ತಿದೆ. ಕರೆಂಟು ಇದೆ, ಯಂತ್ರ ಸತ್ತಿದೆ ಎಂದೇ ತಿಳಿದೆ. ಮನೆಯವರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮಿಲ್ಲಿನ ಸದ್ದಿನಲ್ಲಿ ಅವರಿಗೆ ಕೇಳಿಸುವುದಿಲ್ಲ. ಹುಸೇನಪ್ಪನವರಿಗೆ ಮಾಡಿದೆ. ನಾನು ಅಳುವುದನ್ನು ಕೇಳಿಯೂ ಅವರ ದನಿ ಏರಲಿಲ್ಲ.

“ಅವ್ವಾರನ್ನ ಎಬ್ಬಿಸಿ ಕೂಡಿಸ್ರಿ. ಈಗ ಯಂತ್ರದ ವಯರ್ ಕೈಲೆ ಹಿಡೀರಿ. ಬಿಡದಂಗ ಅದರ ಬೆನ್ನು ಹತ್ತಿ ಹೋಗ್ರಿ. ಎಲ್ಲಿ ಮುಟ್ಟತೈತಿ ಹೇಳ್ರಿ.”

ದಿಂಬು ಇಟ್ಟು ಅತ್ತೆಯನ್ನು ಕೂರಿಸಿದೆ. ವಯರು ಹಿಡಿದು ಮಂಡಿಯೂರಿ ಹೋದೆ. ಅದು ಮೇಜಿನ ಹಿಂದಕ್ಕೆ ಹೋಯಿತು. ನಾನು ಮುಟ್ಟುವ ಮೊದಲೇ ನನಗೆ ತಿಳಿಯಿತು. “ಆ ಬೋರ್ಡಿಗೆ ಅಣ್ಣಾರ, ಗೋಡಿ ಪ್ಲಗ್ಗಿಗೆ ವಯರ್ ಮುಟ್ಟಲಿಲ್ಲ” ಅಂದೆ.

ಅವರು, “ಕೀಳಾಕ ಹೋಗಬ್ಯಾಡ್ರಿ, ವಯರ್ ಎಲ್ಲಿಗೂ ಮುಟ್ಟಂಗಿಲ್ಲ. ಕಂಪ್ಯೂಟರ್ ಹಚ್ರಿ” ಅಂದರು.

ಆ ಪೆಟ್ಟಿಗೆಯನ್ನು ಒರೆಸಿದ್ದೆನೇ ಹೊರತು ನಾನು ಯಾವತ್ತೂ ಹಚ್ಚಿರಲಿಲ್ಲ. ದುಂಡನೆಯ ಗುಂಡಿ ಒತ್ತಿ ಹಿಡಿದೆ. ಒಳಗೆ ಗುಂಯ್ ಎಂದಿತು, ಬೋರ್ಡು ಟಕ್ ಎಂದಿತು, ಯಂತ್ರ ಒಂದು ಉಸಿರು ಎಳೆಯಿತು. ಮರುಕ್ಷಣ ಎಲ್ಲವೂ ಆರಿತು. ಮತ್ತೆ ಒತ್ತಿ ಹಿಡಿದೆ, ಮತ್ತೆ ಹಾಗೇ ಆಯಿತು. ಅತ್ತೆಯ ಕೈ ಹಾಸಿಗೆ ಕೆರೆಯುವುದನ್ನು ನಿಲ್ಲಿಸಿತ್ತು.

“ಒತ್ತಿ ಹಿಡಕೊಂಡೀರೇನು?” ಅಂದರು ಹುಸೇನಪ್ಪ. “ಹಿಡಕೋಬ್ಯಾಡ ತಂಗೀ, ಹಿಡಕೊಂಡ್ರ ಅದು ಆರತೈತಿ. ಒತ್ತು, ಬಿಡು. ಬಿಟ್ಟ ಬಿಡು.”

ಒತ್ತಿದೆ. ಬಿಟ್ಟೆ. ಅವರು ನನ್ನನ್ನು ತಂಗಿ ಎಂದು ಕರೆದದ್ದು ಅದೊಂದೇ ಸಲ. ಬೋರ್ಡು ಟಕ್ ಎಂದಿತು. ಯಂತ್ರ ಓಡಿತು, ಓಡುತ್ತಲೇ ಇತ್ತು. ನಾನು ಆ ಗುಂಡಿಯ ಮುಂದೆ ಕೂತು ಶಿವ ಶಿವ ಎನ್ನುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಅತ್ತೆಯ ತುಟಿಗೆ ಬಣ್ಣ ಬಂತು.

ಅವರು ಗಾಡಿ ಮೇಲೆ ಬಂದರು. ಆ ದಿನ ಬ್ಯಾಗಿನಿಂದ ಬಿಳಿ ಚಪ್ಪಲಿ ತೆಗೆಯುವಷ್ಟೂ ತಡೆಯಲಿಲ್ಲ. ಗೋಡೆಯಿಂದ ಗಟ್ಟಿ ವಯರು ಎಳೆದು ಮಂಚದ ತಲೆಯ ಹತ್ತಿರ ಬೇರೆಯೇ ಪ್ಲಗ್ಗು ಕೂಡಿಸಿದರು, ಆಮೇಲೆ ಆ ಬೋರ್ಡು ಕಿತ್ತರು. ಅಷ್ಟರಲ್ಲಿ, ನಾನು ಮತ್ತೆ ಮಾಡಿದ ಫೋನಿನಿಂದ ಸುದ್ದಿ ತಿಳಿದು ನಮ್ಮವರೂ ಡಾಕ್ಟರನ್ನು ಕರೆದುಕೊಂಡು ಓಡಿ ಬಂದರು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿಹೋದ ಮೇಲೆ ನಮ್ಮವರ ಹೆದರಿಕೆಯೆಲ್ಲ ಸಿಟ್ಟಾಯಿತು. ಇದನ್ನು ಇದಕ್ಕೆ ಚುಚ್ಚಿದವರು ಯಾರು, ಚುಚ್ಚಬಾರದು ಎಂದು ಯಾರೂ ಹೇಳಲಿಲ್ಲವೇ ಎಂದು ಕೇಳಿದರು. ನಾನು ಅತ್ತೆಯ ದಿಂಬು ಸರಿಮಾಡತೊಡಗಿದೆ.

“ನಾ ಹೇಳೋದು ಮರ್ತಿದ್ದೆರಿ ಸಾವಕಾರ್ರ” ಅಂದರು ಹುಸೇನಪ್ಪ. “ತಪ್ಪು ನಂದ ಐತಿ.”

ನಮ್ಮವರು ಎಂದೂ ಆಡದ ಮಾತುಗಳನ್ನು ಆಡಿದರು. ಮನುಷ್ಯರ ಜೀವ ಅಂದರೆ ನಿನಗೆ ಮೋಟರೇನು ಎಂದರು. ಅವರು ಬ್ಯಾಗು ಕಟ್ಟಿಕೊಂಡು, ಅತ್ತೆಗೆ ನಮಸ್ಕಾರ ಮಾಡಿ ಹೋದರು. ಮರುದಿನದಿಂದ ಮಿಲ್ಲಿನ ಕೆಲಸವೂ ಬೇರೆ ಅಂಗಡಿಯವರ ಪಾಲಾಯಿತು.

ನಾನು ಹೇಳಲಿಲ್ಲ. ಇವತ್ತು ಹೇಳೋಣ, ಸೋಮವಾರ ಹೇಳೋಣ ಎಂದು ಮುಂದೂಡಿದೆ. ದಿನಾ ದೀಪ ಹಚ್ಚುವಾಗ ಮೂರು ಉಪಕಾರ ನೆನೆಯುವುದು ನನ್ನ ರೂಢಿ: ಅತ್ತೆ ಉಸಿರಾಡುತ್ತಿದ್ದಾರೆ, ಮಗಳು ಓದುತ್ತಿದ್ದಾಳೆ, ಒಲೆ ಹತ್ತುತ್ತಿದೆ. ಮೊದಲನೆಯದನ್ನು ಈಗ ಬೇಗ ಬೇಗ ಹೇಳಿ ಮುಗಿಸುತ್ತಿದ್ದೆ.

ಸಂತೆಯ ದಿನ ಗಾಂಧಿ ಚೌಕದ ಹತ್ತಿರ ಅವರು ಸಿಕ್ಕರು. ಸೊರಗಿದ್ದರು. ಕೈಯಲ್ಲಿ ಮೆಂತ್ಯೆ ಸೊಪ್ಪಿನ ಎರಡು ಸಿವುಡು. ಇವತ್ತೇ ಮನೆಯವರಿಗೆ ಹೇಳಿಬಿಡುತ್ತೇನೆ ಅಂದೆ. ಅವರು ಸೊಪ್ಪನ್ನು ಇನ್ನೊಂದು ಕೈಗೆ ಬದಲಾಯಿಸಿದರು.

“ನಾ ನಿಮ್ಮ ಮನಿಗೆ ವರ್ಷಕ್ಕ ನಾಕ ಸಲ ಬರಾಂವ್ರಿ. ನೀವು ದಿನಾ ಅಲ್ಲೇ ಇರಬೇಕು, ಅದ ಅವ್ವಾರಿಗೆ ದಿನಾ ಊಟಾ ಕೊಡಬೇಕು. ನನ್ನ ಕಡೆ ಇದ್ರ ಆ ತಪ್ಪು ಹಗರ ಇರತೈತಿ. ಬಿಡ್ರಿ.”

ಇನ್ನೂ ಏನೋ ಹೇಳಬೇಕೆಂದಿದ್ದೆ. ಅವರು ಅತ್ತೆಯ ಆರೋಗ್ಯ ಕೇಳಿ ಜನರ ನಡುವೆ ಹೋಗಿಬಿಟ್ಟರು. ನಾನು ಆ ದಿನವೂ ಹೇಳಲಿಲ್ಲ. ಅವರೇ ಬಿಡಿ ಅಂದರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ನಮ್ಮವರು ಚಹಾ ಕುಡಿಯುತ್ತಾ, ಹುಸೇನಪ್ಪ ಎದೆನೋವಿನಿಂದ ತೀರಿಕೊಂಡನಂತೆ, ನವಲಿಯಲ್ಲಿ ಮಣ್ಣಂತೆ ಅಂದರು. ಛಲೋ ಕೆಲಸಗಾರ, ಅದೊಂದು ಸಲ ಎಡವಿದ ಅಂದರು. ನಾನು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಹುಸೇನಪ್ಪನವರು ಎರಡು ಸಲ ಹೇಳಿದ್ದು, ನಾನು ಚುಚ್ಚಿದ್ದು, ಸಂತೆಯ ಮಾತು, ಎಲ್ಲ. ಅತ್ತೆ ಮಂಚದ ಮೇಲಿಂದ ಕೇಳುತ್ತಿದ್ದರು. ನಮ್ಮವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಅಂಗಿ ಹಾಕಿಕೊಂಡು, “ನಡಿ” ಅಂದರು. ಅತ್ತೆಯ ಹತ್ತಿರ ಶಿಲ್ಪಾಳನ್ನು ಕೂರಿಸಿ ಹೊರಟೆವು.

ನವಲಿಗೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಂಗಳದಲ್ಲಿ ಜನ ಕೂತಿದ್ದರು. ನಮ್ಮವರು ಹುಸೇನಪ್ಪನವರ ಹೆಂಡತಿಯ ಮುಂದೆ ಕೈ ಜೋಡಿಸಿ, ನಿಮ್ಮ ಯಜಮಾನರಿಗೆ ಇಲ್ಲದ ತಪ್ಪು ಹೊರಿಸಿದೆ, ಕೆಲಸ ಬಿಡಿಸಿದೆ ಅಂದರು. ಆ ತಾಯಿ ನಮ್ಮನ್ನು ಪಿಳಿಪಿಳಿ ನೋಡಿದರು.

“ಏನ್ ತಪ್ಪುರಿ ಅಣ್ಣಾರ? ನನಗೇನೂ ಹೇಳಿಲ್ಲ. ಮಿಲ್ಲಿನ ಕೆಲಸ ನಾನ ಬಿಟ್ಟೆ, ಕಣ್ಣು ಕಾಣವಲ್ಲವು ಅಂತಿದ್ರು” ಅಂದರು. ಆಮೇಲೆ ಏನೋ ನೆನಪು ಮಾಡಿಕೊಂಡು ನನ್ನ ಕಡೆ ತಿರುಗಿದರು. “ಒಂದು ಅಮಾಸಿ ದಿನ ಊಟಾ ಬಿಟ್ಟು ಕುಂತಿದ್ರು. ಯಾಕ ಅಂದ್ರ, ಗಂಗಾವತ್ಯಾಗ ಒಂದು ಮನ್ಯಾಗ ಮುದುಕವ್ವಗ ಉಸಿರಿನ ತ್ರಾಸ ಆಗೈತಿ, ಹನುಮಪ್ಪಗ ಕಾಯಿ ಒಡಿಸು ಅಂದ್ರು. ಪ್ರತಿ ಶನಿವಾರ ಒಡಿಸಾಕತ್ತಿದ್ದೆ. ನಿಮ್ಮ ಮನ್ಯಾಗೇನ್ರಿ ಅದು? ಅವ್ವಾರು ಆರಾಮ ಅದಾರೇನ್ರಿ ಈಗ?”

“ಆರಾಮ ಅದಾರ್ರಿ” ಅಂದೆ.