ಮುಚ್ಚಳ ಬಿಚ್ಚಿದ ಮೇಲೆ

ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಕಂಡರೆ ನನಗೆ ಕೈ ತುರಿಸುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನದು ಅದರ ಹಿಂದಿನ ಹಂತ. ಸರಿಯಿದ್ದುದನ್ನು ಇನ್ನಷ್ಟು ಸರಿ ಮಾಡಲು ಹೋಗಿ ಅವರಿಗೆಲ್ಲ ಕೆಲಸ ಒದಗಿಸುವವನು ನಾನು. ನಮ್ಮ ಮನೆಯ ಮಿಕ್ಸಿ, ಗೋಡೆ ಗಡಿಯಾರ, ನನ್ನ ಹೆಂಡತಿಯ ಹೊಲಿಗೆ ಯಂತ್ರ ಇದಕ್ಕೆ ಸಾಕ್ಷಿ ಹೇಳಬಲ್ಲವು, ಹೇಳುವ ಸ್ಥಿತಿಯಲ್ಲಿದ್ದರೆ.

ಈಚಿನ ಸರದಿ ಕಂಪ್ಯೂಟರಿನದು. ಸವಳಂಗ ರಸ್ತೆಯ ನಮ್ಮ ಮನೆಯಲ್ಲಿರುವ ಈ ಕಂಪ್ಯೂಟರನ್ನು ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದಾಗ ಕೊಂಡದ್ದು. ನಾನು ನಿವೃತ್ತನಾದೆ, ಅದು ಆಗಲಿಲ್ಲ. ಅದನ್ನು ಬಳಸುವವಳು ಗಿರಿಜಾ, ನನ್ನ ಹೆಂಡತಿ. ಅವಳು ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದವಳು. ಬೆಳಿಗ್ಗೆ ಅದರ ಗುಂಡಿ ಒತ್ತಿ, ಒಲೆಯ ಮೇಲೆ ಕುಕ್ಕರ್ ಇಟ್ಟು, ಗಿಡಗಳಿಗೆ ನೀರು ಹಾಕಿ ಬರುವಷ್ಟರಲ್ಲಿ ಕಂಪ್ಯೂಟರ್ ಎದ್ದು ಕೂತಿರುತ್ತಿತ್ತು. ಅವಳಿಗೆ ಅದರ ನಿಧಾನದ ಬಗ್ಗೆ ದೂರೇ ಇರಲಿಲ್ಲ. ದೂರು ನನ್ನದು. ಬಳಸದವನಿಗೇ ಅವಸರ ಹೆಚ್ಚು.

ಗಿರಿಜಾಳ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸುಗಳಲ್ಲಿ ಕನ್ನಡ, ತಮಿಳು, ತೆಲುಗು ಒಂದೇ ಪಾತ್ರೆಯಲ್ಲಿ ಬೆಂದು ಹದವಾದ ಒಂದು ಮಾತಿದೆ. ಅದನ್ನಾಡುವ ಹಿರಿಯರ ಮನೆಗೆ ಹೋಗಿ, ಹರಟೆ ಹೊಡೆದು, ಆ ಹರಟೆಯನ್ನು ಮೊಬೈಲಿನಲ್ಲಿ ಹಿಡಿದು ತರುವುದು ಅವಳ ನಿವೃತ್ತ ಜೀವನದ ಸಂಭ್ರಮ. ಮೊಬೈಲ್ ತುಂಬಿದಾಗಲೆಲ್ಲ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಮೊಬೈಲನ್ನು ಖಾಲಿ ಮಾಡುತ್ತಿದ್ದಳು. ಅಂದರೆ ಆ ದನಿಗಳಿಗೆಲ್ಲ ಈ ಮುದಿ ಪೆಟ್ಟಿಗೆಯೊಂದೇ ಮನೆ.

ಒಂದು ಭಾನುವಾರ ಅವಳು ಬೆಳಿಗ್ಗೆಯೇ ಭದ್ರಾವತಿಗೆ ಹೊರಟಳು. ಅವಳ ಬಸ್ಸು ಊರು ದಾಟಿರಬಹುದು ಎನ್ನುವಾಗ ನಾನು ಕಪಾಟಿನಲ್ಲಿ ಬಚ್ಚಿಟ್ಟಿದ್ದ ಹೊಸ ರ‍್ಯಾಮ್ ಹೊರಗೆ ತೆಗೆದೆ. ಬೆರಳುದ್ದದ ಹಸಿರು ಪಟ್ಟಿ ಅದು. ಕಂಪ್ಯೂಟರಿನ ನೆನಪಿನ ಶಕ್ತಿ ಹೆಚ್ಚಿಸಿ ಅದನ್ನು ಚುರುಕು ಮಾಡುತ್ತದೆ. ಸಂಜೆ ಅವಳು ಬಂದು ಗುಂಡಿ ಒತ್ತುತ್ತಿದ್ದಂತೆ ಪರದೆ ಬೆಳಗಬೇಕು, ಅವಳು ಬೆರಗಾಗಬೇಕು, ಇದು ನನ್ನ ಯೋಜನೆ. ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ಮೂವತ್ತು ವರ್ಷ ಕಲಿಸಿದವನಿಗೆ ಇದೆಷ್ಟರ ಕೆಲಸ? ಹಳೆಯ ಬೊಡ್ಡೆ, ಹೊಸ ಕುಡಿ, ಎರಡನ್ನೂ ಸೇರಿಸಿ ಕಟ್ಟಿದರೆ ಆಯಿತು. ಆದರೆ ಕಸಿ ಕಟ್ಟಿದ ಮೇಲೆ ಗಿಡವನ್ನು ಅದರ ಪಾಡಿಗೆ ಬಿಡಬೇಕು ಎಂದು ನಾನೇ ಹುಡುಗರಿಗೆ ಹೇಳುತ್ತಿದ್ದುದು ಆ ಹೊತ್ತಿಗೆ ನೆನಪಾಗಲಿಲ್ಲ.

ಪಟ್ಟಿ ಸಿಕ್ಕಿಸಿ ಗುಂಡಿ ಒತ್ತಿದೆ. ಪರದೆ ಕಪ್ಪಗೇ ಇತ್ತು, ಪೆಟ್ಟಿಗೆ ಬೀಪ್ ಬೀಪ್ ಎಂದು ಕೂಗಿಕೊಂಡಿತು. ಗಾಬರಿಯಾಗಿ ಹೊಸ ಪಟ್ಟಿಯನ್ನು ಕಿತ್ತೆ. ಆಗಲೂ ಅದೇ ಕೂಗು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಒಳಗಿರುವ ಬಿಲ್ಲೆಯಾಕಾರದ ಬ್ಯಾಟರಿಯನ್ನು ತೆಗೆದು, ಹಳೆಯ ಪಟ್ಟಿಯನ್ನು ಬಿಚ್ಚಿ ಒರೆಸಿ ಹಾಕಿ, ಬ್ಯಾಟರಿಯನ್ನು ಮತ್ತೆ ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅದರಲ್ಲಿ ಒಬ್ಬಾತ ನಗುನಗುತ್ತಾ ಹೇಳುತ್ತಿದ್ದ. ಹಾಗೇ ಮಾಡಿದೆ. ಕೂಗು ನಿಂತಿತು, ಪರದೆಯೂ ಬೆಳಗಿತು. ಆದರೆ ಶುರುವಿನ ಚಿತ್ರ ಮೂಡುತ್ತಿದ್ದಂತೆ ನೀಲಿ ಬಣ್ಣವೊಂದು ಮಿಂಚಿ, ಎಲ್ಲ ಆರಿ, ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ಚಿತ್ರ, ಮತ್ತೆ ನೀಲಿ, ಮತ್ತೆ ಕತ್ತಲೆ.

ಕಂಪ್ಯೂಟರ್ ಎದ್ದೇಳುವುದಕ್ಕೆ ಬೂಟ್ ಆಗುವುದು ಎನ್ನುತ್ತಾರೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಮಾತಿನಿಂದ ಬಂದದ್ದಂತೆ. ಬೂಟು ಹಾಕದ ನಮ್ಮ ಹಿರಿಯರು ಈ ಯಂತ್ರವನ್ನು ಕಂಡುಹಿಡಿದಿದ್ದರೆ ಜುಟ್ಟು ಹಿಡಿದು ಎತ್ತಿಕೊಳ್ಳುವುದು ಎನ್ನುತ್ತಿದ್ದರೇನೋ. ನನ್ನೆದುರಿನ ಯಂತ್ರ ಪಾಪ ತನ್ನ ಜುಟ್ಟನ್ನು ತಾನೇ ಜಗ್ಗಿ ಜಗ್ಗಿ ಸೋಲುತ್ತಿತ್ತು. ಎಲ್ಲವನ್ನೂ ಕೂಡಿಟ್ಟುಕೊಳ್ಳುವ ಡಿಸ್ಕೇ ಹೋಯಿತೇನೋ ಎನ್ನಿಸಿದ ಮೇಲೆ ನನಗೆ ಈ ತಮಾಷೆಗಳೂ ಹೊಳೆಯಲಿಲ್ಲ.

ಭದ್ರಾವತಿಯ ನ್ಯೂಟೌನಿನಲ್ಲಿರುವ ಸೆಲ್ವಂಗೆ ಫೋನ್ ಮಾಡಿದೆ. ಅವನು ನನ್ನ ಕಾಲೇಜು ದಿನಗಳ ಗೆಳೆಯ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಮಾಡಿ ನಿವೃತ್ತನಾದವನು.

"ಇನ್ನೇನೂ ಮುಟ್ಟಬೇಡ ಮಾರಾಯ. ಇದ್ದಂಗೇ ಎತ್ಕೊಂಡು ಬಾ" ಎಂದ.

ಮಂಚದ ಮೇಲಿನ ಹೂವಿನ ಬೆಡ್‌ಶೀಟಿನಲ್ಲಿ ಪೆಟ್ಟಿಗೆಯನ್ನು ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಹಳ್ಳ ಬಂದಾಗಲೆಲ್ಲ ಎರಡೂ ಕೈಯಿಂದ ತಬ್ಬಿಕೊಳ್ಳುತ್ತಿದ್ದೆ. ಪಕ್ಕದ ಸೀಟಿನ ಅಜ್ಜಿ ಬಹಳ ಹೊತ್ತು ನೋಡಿ, "ಆಸ್ಪತ್ರೆಗಾ ಸ್ವಾಮಿ?" ಎಂದು ಕೇಳಿದರು. ಒಂದು ಲೆಕ್ಕದಲ್ಲಿ ಹೌದು ಎಂದೆ. ಅವರು ಮತ್ತೇನೂ ಕೇಳದೆ ಸ್ವಲ್ಪ ಸರಿದು ಜಾಗ ಬಿಟ್ಟರು.

ಗಿರಿಜಾಳೂ ಅದೇ ಊರಿನಲ್ಲಿದ್ದಾಳೆ ಎಂಬ ಅಳುಕು ನನಗಿತ್ತು. ಆದರೆ ಭದ್ರಾವತಿಯೇನು ಸಣ್ಣ ಊರೇ? ಅವಳು ಹಳೇ ಊರಿನ ಕಡೆ ಇರಬಹುದು ಎಂದು ಸಮಾಧಾನ ಮಾಡಿಕೊಂಡು ಸೆಲ್ವಂನ ಮನೆಯ ಮೆಟ್ಟಿಲು ಹತ್ತಿದೆ. ಬಾಗಿಲ ಬಳಿ ಅವಳ ಚಪ್ಪಲಿಗಳಿದ್ದವು.

ಒಳಗೆ ಗಿರಿಜಾ, ಸೆಲ್ವಂನ ಹೆಂಡತಿ ಕಸ್ತೂರಿಯ ಜೊತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನನ್ನನ್ನು ನೋಡಿದಳು. ಆಮೇಲೆ ಗಂಟನ್ನು ನೋಡಿದಳು.

"ಏನ್ರೀ, ನಮ್ಮನೆ ಬೆಡ್‌ಶೀಟ್ ಅಲ್ವಾ ಅದು?"

ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಕೈಯಲ್ಲಿದ್ದ ಅವರೆಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡಿದ್ದಳು. ಮೆಲ್ಲಗೆ, "ಅಪ್ಪಾಜಿ ಮಾತಾಡಿದ್ದು ಅದ್ರಲ್ಲೇ ಇರೋದು. ಬೇರೆಲ್ಲೂ ಇಲ್ಲ" ಎಂದಳು.

ಅಪ್ಪಾಜಿ ಎಂದರೆ ಸೆಲ್ವಂನ ತಂದೆ, ಕಾರ್ಖಾನೆಯಲ್ಲಿ ದುಡಿದವರು. ಗಿರಿಜಾ ಮೊಟ್ಟಮೊದಲು ಮಾತಾಡಿಸಿದ್ದು ಅವರನ್ನೇ. ಹೋದ ವರ್ಷ ತೀರಿಕೊಂಡರು. ಆ ಧ್ವನಿಮುದ್ರಿಕೆಯನ್ನು ಕೇಳಲು ಮನೆಯವರಿಗೆ ಇಷ್ಟು ದಿನ ಮನಸ್ಸು ಗಟ್ಟಿಯಾಗಿರಲಿಲ್ಲ. ಈಗ ಕೇಳಬೇಕು ಎಂದು ಕಸ್ತೂರಿಯೇ ಆ ಬೆಳಿಗ್ಗೆ ಬಾಯಿಬಿಟ್ಟು ಹೇಳಿದ್ದರಂತೆ; ಮುಂದಿನ ಸಲ ತರುತ್ತೇನೆಂದು ಗಿರಿಜಾ ಒಪ್ಪಿಕೊಂಡೂ ಆಗಿತ್ತು. ಪೆಟ್ಟಿಗೆ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ಬಂದಿದ್ದ ಸೆಲ್ವಂನ ಕೈ ನಿಂತಿತು. ಕಸ್ತೂರಿ ಎದ್ದು ಅಡುಗೆಮನೆಗೆ ಹೋದರು.

ಸೆಲ್ವಂ ಪೆಟ್ಟಿಗೆಯನ್ನು ಮನೆಯ ಟೀವಿಗೂ ಒಂದು ಹಳೆಯ ಕೀಬೋರ್ಡಿಗೂ ಸೇರಿಸಿ, ತಂತಿಗಳನ್ನು ಮುಟ್ಟಿ ನೋಡಿದ, ಹಳೆಯ ರ‍್ಯಾಮನ್ನು ಒತ್ತಿ ನೋಡಿದ. ಅದೇ ನೀಲಿ, ಅದೇ ಕತ್ತಲೆ.

"ಡಿಸ್ಕ್ ಹೋಗಿರಬೋದು ಕಣೋ. ಬೇರೆ ಕಂಪ್ಯೂಟರಿಗೆ ಹಾಕಿ ನೋಡೋಣ ಅಂದ್ರೆ ನನ್ನತ್ರ ಇರೋದು ಲ್ಯಾಪ್‌ಟಾಪು. ಸೇರಿಸೋ ಕೇಬಲ್ ಇಲ್ಲ. ಅಂಗಡಿ ತೆಗೆಯೋದು ನಾಳೆನೇ" ಎಂದು ಅವನು ಗೋಡೆಗೆ ಒರಗಿದ.

ಆಗ ಗಿರಿಜಾ ಕುರ್ಚಿಯನ್ನು ನನ್ನೆದುರಿಗೆ ಎಳೆದುಕೊಂಡು ಕೂತಳು. ಹಿರಿಯರನ್ನು ಮಾತಾಡಿಸುವಾಗ ಅವಳು ಹೀಗೇ ಕೂರುವುದು.

"ಮೊದಲಿಂದ ಹೇಳಿ. ನಾನು ಬಸ್ ಹತ್ತಿದ ಮೇಲೆ ಏನೇನು ಮಾಡಿದ್ರಿ? ಯಾವುದನ್ನೂ ಬಿಡಬೇಡಿ."

ಹೇಳುತ್ತಾ ಹೋದೆ. ರ‍್ಯಾಮ್ ಹಾಕಿದ್ದು, ಕೂಗಿದ್ದು, ತೆಗೆದದ್ದು, ಆಮೇಲೆ ಪರದೆ ಬೆಳಗಿದ್ದು.

"ಕೂಗ್ತಿದ್ದದ್ದು ಸುಮ್ಮನೆ ಹೆಂಗೆ ಬೆಳಗ್ತು? ನಡುವೆ ಏನೋ ಬಿಟ್ರಿ."

ಫೋನಿನಲ್ಲಿ ನಾಚಿಕೆಯಾಗಿ ಹೇಳದೆ ಉಳಿಸಿಕೊಂಡಿದ್ದ ಆ ವಿಡಿಯೋ, ಬ್ಯಾಟರಿ ಎಲ್ಲ ಹೊರಗೆ ಬಂತು.

ಸೆಲ್ವಂ ಗೋಡೆ ಬಿಟ್ಟು ಮುಂದೆ ಬಂದ. "ಬ್ಯಾಟರಿ ತೆಗ್ದಿದ್ಯಾ? ಮೊದಲೇ ಹೇಳಬಾರ್ದಾ ಮಾರಾಯ."

ಅವನು ಬಿಡಿಸಿ ಹೇಳಿದ್ದು ಇಷ್ಟು. ಕಂಪ್ಯೂಟರಿನ ಹಳೆಯ ಹೊಂದಿಕೆಗಳನ್ನೆಲ್ಲ, ಅಂದರೆ ಸೆಟ್ಟಿಂಗುಗಳನ್ನು, ನೆನಪಿನಲ್ಲಿ ಇಡುವುದು ಆ ಪುಟ್ಟ ಬ್ಯಾಟರಿ. ಅದನ್ನು ತೆಗೆದರೆ ಒಳಗಿನ ಮುಖ್ಯ ಬೋರ್ಡಿಗೆ ಎಲ್ಲ ಮರೆತುಹೋಗುತ್ತದೆ. ಡಿಸ್ಕಿನ ಜೊತೆ ಮಾತಾಡಲು ಅದಕ್ಕೆ ಎರಡು ರೀತಿ ಗೊತ್ತು, ಹಳೆಯದೊಂದು, ಹೊಸದೊಂದು. ನಮ್ಮ ಡಿಸ್ಕು ಮೊದಲಿನಿಂದ ಹಳೆಯ ರೀತಿಗೇ ಒಗ್ಗಿಕೊಂಡಿತ್ತು. ಮರೆವು ಬಂದ ಬೋರ್ಡು ಈಗ ಹೊಸ ರೀತಿಯಲ್ಲಿ ಮಾತಾಡುತ್ತಿದೆ, ಡಿಸ್ಕಿಗೆ ಅದು ತಿಳಿಯುತ್ತಿಲ್ಲ.

"ಅಂದ್ರೆ ಡಿಸ್ಕ್ ಸತ್ತಿಲ್ಲ?" ಎಂದಳು ಗಿರಿಜಾ.

"ನೋಡೋಣ ಇರಿ ಅತ್ತಿಗೆ" ಎಂದು ಅವನು ಯಂತ್ರ ಏಳುವ ಮೊದಲೇ ಒಂದು ಗುಂಡಿಯನ್ನು ಪಟಪಟ ಒತ್ತಿ ಆ ಹೊಂದಿಕೆಗಳ ಪುಟಕ್ಕೆ ಹೋದ. ಬಹಳ ಹುಡುಕಿ ಒಂದು ಸಾಲನ್ನು ಬದಲಿಸಿ, ಉಳಿಸಿ, ಕೈಕಟ್ಟಿ ಕೂತ.

ಚಿತ್ರ ಮೂಡಿತು. ನೀಲಿ ಮಿಂಚಲಿಲ್ಲ. ಚಿತ್ರ ಹಾಗೇ ನಿಂತಿತ್ತು. ನಾನು ಇಷ್ಟು ಕಾಲ ಬೈದುಕೊಂಡ ಅದೇ ನಿಧಾನದಲ್ಲಿ, ಒಂದೊಂದಾಗಿ, ಗಿರಿಜಾ ಇಟ್ಟ ಕಡತಗಳೆಲ್ಲ ಪರದೆಯ ಮೇಲೆ ಬಂದು ಕೂತವು. ಗಿರಿಜಾ ಪೆನ್‌ಡ್ರೈವ್ ಸಿಕ್ಕಿಸಿ, ಇದ್ದುದನ್ನೆಲ್ಲ ಸೆಲ್ವಂನ ಲ್ಯಾಪ್‌ಟಾಪಿಗೆ ದಾಟಿಸಿದಳು. ಎಲ್ಲ ಮುಗಿದ ಮೇಲೆ ಅವನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಅಪ್ಪಾಜಿಯ ದನಿಯನ್ನು ಹಾಕಿದಳು.

ಮೊದಲು ಫ್ಯಾನಿನ ಸದ್ದು. ಆಮೇಲೆ ಕೆಮ್ಮು. ಕಾರ್ಖಾನೆಯ ಕುಲುಮೆಯ ಬಗ್ಗೆ, ಪಾಳಿ ಮುಗಿಸಿ ಬರುವಾಗಿನ ಸೈಕಲ್ಲುಗಳ ಬಗ್ಗೆ ಅಪ್ಪಾಜಿ ಮಾತಾಡಿದರು. ಸೆಲ್ವಂ ನೆಲ ನೋಡುತ್ತಾ ಕೇಳುತ್ತಿದ್ದ. ಮಾತಿನ ನಡುವೆ ಮುದುಕರು ದನಿ ಎತ್ತಿ ಕೂಗಿದರು: "ಅಮ್ಮಾ ಕಸ್ತೂರಿ, ಟೀಚರಮ್ಮಂಗೆ ಕಾಫಿ ಕೊಡು. ನಂಗೂ ಕೊಡು, ಕೊಂಜ ಸಕ್ಕರೆ ಜಾಸ್ತಿ ಹಾಕಿ."

ಅಡುಗೆಮನೆಯಿಂದ ತಟ್ಟನೆ ಉತ್ತರ ಬಂತು. "ಸಕ್ಕರೆ ಇಲ್ಲ ಮಾಮಾ."

ಮಾವನನ್ನು ಆ ಮನೆಯಲ್ಲಿ ಮಾಮಾ ಎಂದೇ ಕರೆಯುವುದು. ಆಮೇಲೆ ಪೆಟ್ಟಿಗೆಯೊಳಗಿನಿಂದಲೂ, ದೂರದಿಂದ, ಕಸ್ತೂರಿಯದೇ ದನಿ ಕೇಳಿಸಿತು: "ಸಕ್ಕರೆ ಇಲ್ಲ ಮಾಮಾ."

"ನೋಡಿದ್ರಾ ಟೀಚರಮ್ಮ, ಇದು ನಮ್ ಮನೆ ರೂಲ್ಸು" ಎಂದು ಮುದುಕರು ನಕ್ಕರು. ಸೆಲ್ವಂ ಮೊದಲು ನಕ್ಕ, ಆಮೇಲೆ ಕಣ್ಣೊರೆಸಿಕೊಂಡ. ಕಸ್ತೂರಿ ಬಾಗಿಲಲ್ಲಿ ಬಂದು ಸೆರಗಿಗೆ ಕೈ ಒರೆಸುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಕಾಫಿ ಬಂತು. ಬಾಯಿಗಿಟ್ಟರೆ ಪಾಯಸ. ಸಕ್ಕರೆ ಕಾಯಿಲೆಯವನಾದ ನಾನೂ ಲೋಟ ಖಾಲಿ ಮಾಡಿದೆ. ಗಿರಿಜಾ ನೋಡಿದಳು, ಬೇಡ ಎನ್ನಲಿಲ್ಲ.